ಫ್ರೆಶರ್ ಕಲಿಯೋ ಖರ್ಚು ಈಗ ಯಾರ ತಲೆ ಮೇಲೆ?

(ತುಮಕೂರಲ್ಲಿ ಕೊನೇ ವರ್ಷದ ಇಂಜಿನಿಯರಿಂಗ್, ಬಿಸಿಎ ಹುಡುಗ್ರು, ಪಾಸಾಗಿ ಕೆಲಸ ಹುಡುಕ್ತಿರೋರು, ಅವರ ಅಪ್ಪ ಅಮ್ಮಂದಿರು ಸೇರಿದ್ದ ಕಡೆ ಮಾತಾಡಿದ್ದು ಇದು. ಬರೋಕಾಗದೆ ಇದ್ದೋರು ಬರೆದು ಹಾಕಿ ಅಂತ ಕೇಳಿದ್ರು. ಮಾತಾಡಿದ ಹಾಗೇ ಬರ್ದಿದೀನಿ, ಕೊನೇಲಿ ಬಂದ ಪ್ರಶ್ನೆಗಳನ್ನೂ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ಹಿಂದೆ ಗೋಡೆಗೆ ಒರಗಿ ನಿಂತಿರೋ ಅಪ್ಪ ಅಮ್ಮಂದಿರು ದಯವಿಟ್ಟು ಮುಂದೆ ಬಂದು ಕೂತ್ಕೊಳ್ಳಿ, ಕುರ್ಚಿ ಇದಾವೆ. ಇವತ್ತು ನಾನು ಹೇಳೋದ್ರಲ್ಲಿ ಅರ್ಧ ನಿಮಗೇ ಹೇಳ್ಬೇಕಾಗಿರೋದು, ಯಾಕಂದ್ರೆ ದುಡ್ಡು ಹೋಗ್ತಿರೋದು ನಿಮ್ಮ ಕೈಯಿಂದ.

ನಾನು ಗುಬ್ಬಿ ಕಡೆಯವನು. ಓದಿದ್ದು ಇಲ್ಲೇ ತುಮಕೂರಲ್ಲಿ, 2011ರಲ್ಲಿ ಪಾಸಾಗಿ ಬೆಂಗಳೂರಿಗೆ ಹೋದೆ, ಅವತ್ತಿಂದ ಸಾಫ್ಟ್‌ವೇರ್ ಕೆಲಸಾನೇ ಮಾಡ್ಕೊಂಡು ಬಂದಿದೀನಿ, ಈಗ ಆರೇಳು ವರ್ಷದಿಂದ ಇಂಟರ್‌ವ್ಯೂ ತಗೊಳ್ಳೋ ಕಡೆ ಕೂತಿದೀನಿ. ಕ್ಯಾಂಪಸ್‌ನಲ್ಲಿ ಸೆಲೆಕ್ಟ್ ಆದಾಗ ನನಗೆ ಏನ್ ಬರ್ತಿತ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳ್ತೀನಿ. ಸಿ ಭಾಷೇಲಿ ಲ್ಯಾಬ್ ಮ್ಯಾನುಯಲ್ ನೋಡಿ ಬರೆದ ಹತ್ತು ಹನ್ನೆರಡು ಪ್ರೋಗ್ರಾಮ್, ಡೇಟಾಬೇಸ್ ಅಂದ್ರೆ ಪರೀಕ್ಷೆಗೆ ಓದಿದ್ದಷ್ಟೇ, ಸರ್ವರ್ ಅನ್ನೋದನ್ನ ಕಣ್ಣಲ್ಲಿ ಕಂಡಿರ್ಲಿಲ್ಲ. ಆದ್ರೂ ತಗೊಂಡ್ರು. ತಗೊಂಡು ನಾಲ್ಕು ತಿಂಗಳು ಟ್ರೈನಿಂಗ್ ಕೊಟ್ರು, ಇರೋಕೆ ರೂಮು, ಊಟ, ಅದ್ರ ಮೇಲೆ ತಿಂಗಳಿಗೆ ಸಂಬಳ. ಆಮೇಲೆ ಎರಡು ತಿಂಗಳು ಪ್ರಾಜೆಕ್ಟ್ ಇಲ್ದೆ ಬೆಂಚ್ ಮೇಲೆ ಇದ್ದೆ, ಆಗ್ಲೂ ಸಂಬಳ ಬಂತು. ಮೊದಲ ವರ್ಷ ನಾನು ಮಾಡಿದ ತಪ್ಪುಗಳನ್ನ ಪಕ್ಕದಲ್ಲಿ ಕೂತ ಸೀನಿಯರ್ ಒಬ್ರು ತಿದ್ದಿದ್ರು, ಅವರ ಆ ಟೈಮಿಗೂ ಕಂಪನೀನೇ ದುಡ್ಡು ಕೊಡ್ತಿತ್ತು. ಮೈಸೂರಲ್ಲಿ ಇನ್ಫೋಸಿಸ್‌ನೋರು ಅಷ್ಟು ದೊಡ್ಡ ಕ್ಯಾಂಪಸ್ ಕಟ್ಟಿದ್ದು ಇದಕ್ಕೇ ಅಲ್ವಾ, ಏನೂ ಬರದೆ ಇರೋ ಹುಡುಗ್ರನ್ನ ತಿಂಗಳುಗಟ್ಟಲೆ ಕೂರಿಸಿ ಕಲಿಸೋಕೆ.

ಆ ಖರ್ಚು ಈಗ ಎಲ್ಲಿಗ್ ಹೋಯ್ತು ಅನ್ನೋದೇ ನನ್ನ ಇವತ್ತಿನ ಮಾತು. ಕಲಿಯೋದಂತೂ ಇದ್ದೇ ಇದೆ, ಕಾಲೇಜಿಂದ ನೇರವಾಗಿ ಬಂದು ಕೆಲಸ ಮಾಡೋ ಹುಡುಗ ಅವತ್ತೂ ಇರ್ಲಿಲ್ಲ, ಇವತ್ತೂ ಇಲ್ಲ. ಆದ್ರೆ ಆ ಆರು ತಿಂಗಳ, ಒಂದು ವರ್ಷದ ಖರ್ಚನ್ನ ಕಂಪನಿಗಳು ತಮ್ಮ ಲೆಕ್ಕದಿಂದ ತೆಗೆದು ನಿಮ್ಮನೆ ಲೆಕ್ಕಕ್ಕೆ ಹಾಕಿದಾವೆ. ಅಡಿಕೆ ಮಾರಿದ ದುಡ್ಡಲ್ಲಿ, ಕೊಬ್ಬರಿ ಮಾರಿದ ದುಡ್ಡಲ್ಲಿ, ಡೇರಿಗೆ ಹಾಲು ಹಾಕಿದ ದುಡ್ಡಲ್ಲಿ ಈಗ ಕಂಪನಿಗೆ ಬೇಕಾದ ಕೆಲಸಗಾರನ್ನ ತಯಾರು ಮಾಡ್ತಿರೋರು ನೀವು.

ಇದು ಹೆಂಗಾಯ್ತು ಅಂತ ಸ್ವಲ್ಪ ಹೇಳ್ತೀನಿ, ಬೇಗ ಮುಗಿಸ್ತೀನಿ. ಕೊರೊನಾ ಟೈಮಲ್ಲಿ ಎಲ್ಲಾ ಕೆಲಸ ಆನ್‌ಲೈನ್ ಆಯ್ತು, ಅಮೆರಿಕದಲ್ಲಿ ಬಡ್ಡಿ ಹೆಚ್ಚುಕಮ್ಮಿ ಸೊನ್ನೆ ಇತ್ತು, ಅಲ್ಲಿನ ಕಂಪನಿಗಳು ಸಾಲ ತಗೊಂಡು ಸಾಫ್ಟ್‌ವೇರ್‌ಗೆ ಸುರಿದ್ರು, ನಮ್ಮೋರು ಕೈಗೆ ಸಿಕ್ಕೋರನ್ನೆಲ್ಲ ತಗೊಂಡ್ರು. 2021-22ರ ಒಂದೇ ವರ್ಷದಲ್ಲಿ ಟಿಸಿಎಸ್ 1 ಲಕ್ಷ ಫ್ರೆಶರ್‌ಗಳನ್ನ, ಇನ್ಫೋಸಿಸ್ 85 ಸಾವಿರ ಫ್ರೆಶರ್‌ಗಳನ್ನ ತಗೊಂಡ್ರು. ಫ್ರೆಶರ್ ಅಂದ್ರೆ ಕಾಲೇಜಿಂದ ಈಗ ತಾನೇ ಬಂದ, ಅನುಭವ ಇಲ್ದೇ ಇರೋರು. ನಿಮ್ಮ ಪಕ್ಕದ ಮನೆ ಅಣ್ಣನೋ ಅಕ್ಕನೋ ಆ ವರ್ಷ ಸುಲಭವಾಗಿ ಕೆಲಸಕ್ಕೆ ಸೇರಿದ್ದು ನೀವು ನೋಡಿರ್ತೀರ, ಅದನ್ನ ನೋಡೇ ಎಷ್ಟೋ ಜನ ಕಂಪ್ಯೂಟರ್ ಸೈನ್ಸ್ ಸೀಟು ತಗೊಂಡಿರೋದು. 2022ರ ಮಾರ್ಚ್‌ನಿಂದ ಅಮೆರಿಕದಲ್ಲಿ ಬಡ್ಡಿ ಏರಿಸ್ತಾ ಹೋದ್ರು, 2023ರ ಜುಲೈ ಹೊತ್ತಿಗೆ ಅದು ಶೇಕಡ 5 ದಾಟಿತ್ತು, ಅಲ್ಲಿ ಖರ್ಚು ನಿಂತ್ರೆ ಇಲ್ಲಿ ಪ್ರಾಜೆಕ್ಟ್ ನಿಲ್ಲುತ್ತೆ. 2023-24ರಲ್ಲಿ ಟಿಸಿಎಸ್‌ನಲ್ಲಿ 13,249 ಜನ ಕಮ್ಮಿ ಆದ್ರು, ಇನ್ಫೋಸಿಸ್‌ನಲ್ಲಿ 25,994, ವಿಪ್ರೋದಲ್ಲಿ 24,516. ಮೂರೂ ಸೇರಿ 63 ಸಾವಿರಕ್ಕೂ ಹೆಚ್ಚು. ಇವ್ರನ್ನೆಲ್ಲ ಮನೆಗೆ ಕಳಿಸಿದ್ರು ಅಂತ ಅರ್ಥ ಅಲ್ಲ, ಬಿಟ್ಟು ಹೋದೋರ ಜಾಗಕ್ಕೆ ಹೊಸಬ್ರನ್ನ ತಗೊಳ್ಲಿಲ್ಲ. ಹೊಸಬ್ರು ಅಂದ್ರೆ ನೀವು. ಆಮೇಲೆ 2025ರ ಜುಲೈನಲ್ಲಿ ಟಿಸಿಎಸ್ ಇನ್ನೂ ಸುಮಾರು 12 ಸಾವಿರ ಜನರನ್ನ ತೆಗೀತೀವಿ ಅಂತ ಹೇಳ್ತು, ಅದ್ರಲ್ಲಿ ಹೆಚ್ಚಿನೋರು ಅನುಭವ ಇರೋರು. ಅಂಥೋರೂ ಮಾರ್ಕೆಟ್‌ಗೆ ಬಂದು ಕಮ್ಮಿ ಸಂಬಳಕ್ಕೂ ರೆಡಿ ಅಂತ ನಿಂತಾಗ ಕಂಪನಿಯೋರು ಫ್ರೆಶರ್ ಕಡೆ ಯಾಕೆ ನೋಡ್ತಾರೆ ಹೇಳಿ.

ಇದನ್ನ ಯಾಕೆ ಹೇಳ್ದೆ ಅಂದ್ರೆ, ಮನೇಲಿ ಊಟಕ್ಕೆ ಕೂತಾಗ "ಪಕ್ಕದ್ಮನೆ ಹುಡುಗನಿಗೆ ಸಿಕ್ತು ನಿನಗೆ ಯಾಕ್ ಸಿಗ್ಲಿಲ್ಲ" ಅನ್ನೋ ಮಾತು ಬರುತ್ತಲ್ಲ, ಅದಕ್ಕೆ. ಅವನಿಗೆ ಸಿಕ್ಕಿದ್ದು 2021ರಲ್ಲಿ. ಅದೇ ಹುಡುಗ ಅದೇ ಮಾರ್ಕ್ಸ್ ಇಟ್ಕೊಂಡು ಇವತ್ತು ಬಂದ್ರೆ ಅವನಿಗೂ ಸಿಗೋದು ಕಷ್ಟ. ದಯವಿಟ್ಟು ಆ ಮಾತು ಆಡ್ಬೇಡಿ. ಮದುವೆ ಮನೇಲಿ ಯಾರೋ ದೊಡ್ಡಪ್ಪ ಕೇಳ್ತಾರೆ ಅಂತ ಫಂಕ್ಷನ್‌ಗೇ ಬರೋದು ಬಿಟ್ಟಿರೋ ಹುಡುಗ್ರು ನನಗೆ ಗೊತ್ತು, ಅವರ ಮುಖ ನೋಡಿದೀನಿ.

ಇನ್ನೊಂದು ವಿಷ್ಯ ಅಪ್ಪ ಅಮ್ಮಂದಿರಿಗೆ ಗೊತ್ತಿರಲ್ಲ. ಕಂಪನಿ ಜಾಹೀರಾತಲ್ಲಿ ಬ್ಯಾಚ್ ಅಂತ ಒಂದಿರುತ್ತೆ. ಈ ವರ್ಷ ಪಾಸಾದೋರು ಮಾತ್ರ ಅಪ್ಲೈ ಮಾಡಿ, ಟೆಂತ್, ಪಿಯುಸಿ, ಡಿಗ್ರಿ ಮೂರರಲ್ಲೂ 60 ಪರ್ಸೆಂಟ್ ಇರ್ಬೇಕು, ಬ್ಯಾಕ್‌ಲಾಗ್, ಅಂದ್ರೆ ಫೇಲಾಗಿ ಉಳಿದ ಸಬ್ಜೆಕ್ಟ್, ಇರಬಾರ್ದು, ಓದಿನ ಮಧ್ಯೆ ಗ್ಯಾಪ್ ಇರಬಾರ್ದು. ಟೆಂತ್‌ನಲ್ಲಿ ಹಳ್ಳಿ ಶಾಲೇಲಿ ಓದಿ 58 ತಗೊಂಡ ಹುಡುಗಿ ಇಂಜಿನಿಯರಿಂಗ್‌ನಲ್ಲಿ 80 ತಗೊಂಡ್ರೂ ಆ ಫಾರ್ಮ್ ಒಳಗೇ ಬಿಡಲ್ಲ. ಸರಿ, ಮೊದಲ ವರ್ಷ ಸಿಗ್ಲಿಲ್ಲ ಅಂದ್ಕೊಳ್ಳಿ. ಎರಡನೇ ವರ್ಷಕ್ಕೆ ನೀವು ಹಳೇ ಬ್ಯಾಚ್, ಫ್ರೆಶರ್ ಪೋಸ್ಟಿಗೆ ತಗೊಳ್ಳಲ್ಲ. ಅನುಭವ ಇರೋರ ಪೋಸ್ಟಿಗೆ ಹೋದ್ರೆ ಒಂದರಿಂದ ಮೂರು ವರ್ಷ ಎಕ್ಸ್‌ಪೀರಿಯನ್ಸ್ ಎಲ್ಲಿ ಅಂತಾರೆ. ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ, ಹೊಸಿಲ ಮೇಲೆ ನಿಲ್ಲಿಸ್ಬಿಡ್ತಾರೆ. ಕೋಡ್ ಬರದೆ ಇರೋದಕ್ಕಿಂತ ಈ ರೂಲ್‌ನಿಂದ ಹೊರಗುಳಿದ ಹುಡುಗ್ರೇ ಹೆಚ್ಚು ಅಂತ ನನಗನ್ಸುತ್ತೆ. ಇದು ಅನ್ಯಾಯ. ನಮ್ಮ ಟೀಮಿಗೆ ಜನ ತಗೊಳ್ಳೋವಾಗ ಈ ಬ್ಯಾಚ್ ಕಂಡೀಷನ್ ತೆಗೀರಿ ಅಂತ ನಾನು ಎಚ್‌ಆರ್ ಹತ್ರ ಮೂರು ಸಲ ಕೂತು ಮಾತಾಡಿದೀನಿ, ಒಂದ್ಸಲ ಒಪ್ಕೊಂಡ್ರು.

ಈಗ ದುಡ್ಡಿನ ಲೆಕ್ಕ ಬೋರ್ಡ್ ಮೇಲೆ ಬರೀತೀನಿ, ಎಲ್ರೂ ನೋಡ್ಕೊಳ್ಳಿ. ಕೆಲಸ ಹುಡುಕೋಕೆ ಅಂತ ಬೆಂಗಳೂರಲ್ಲಿ ಪಿಜಿ, ಊಟ ಸೇರಿ ತಿಂಗಳಿಗೆ 9 ಸಾವಿರ ಅಂತಿಟ್ಕೊಳ್ಳಿ, ವರ್ಷಕ್ಕೆ 1 ಲಕ್ಷದ 8 ಸಾವಿರ. ಓಡಾಟ, ಫೋನು, ಬಟ್ಟೆ, ಸಣ್ಣಪುಟ್ಟದ್ದು ತಿಂಗಳಿಗೆ 4 ಸಾವಿರ, ಅದು 48 ಸಾವಿರ. ಜಾವಾ ಫುಲ್‌ಸ್ಟಾಕ್ ಕೋರ್ಸು, ಅಂದ್ರೆ ಸ್ಕ್ರೀನಿಂದ ಡೇಟಾಬೇಸ್‌ವರೆಗೂ ಎಲ್ಲಾ ಕೋಡ್ ಬರೆಯೋದು ಕಲಿಸೋದು, 50 ಸಾವಿರ. ಒಟ್ಟು 2 ಲಕ್ಷದ 6 ಸಾವಿರ. ಇಷ್ಟು ಹಾಕಿದ್ಮೇಲೆ ಸಿಗೋ ಕೆಲಸದ ಪ್ಯಾಕೇಜ್ ಎಷ್ಟು? ದೊಡ್ಡ ಸರ್ವೀಸ್ ಕಂಪನಿಗಳಲ್ಲಿ ಮಾಮೂಲಿ ಫ್ರೆಶರ್‌ಗೆ ಮೂರೂವರೆ ಲಕ್ಷದ ಆಸುಪಾಸು. ನಾನು ಸೇರಿದಾಗ್ಲೂ ಮೂರು ಲಕ್ಷದ ಮೇಲೆ ಚಿಲ್ಲರೆ ಇತ್ತು. ಅವತ್ತು ಒಂದು ತಟ್ಟೆ ಇಡ್ಲಿ ಎಷ್ಟಿತ್ತು ಇವತ್ತು ಕ್ಯಾತ್ಸಂದ್ರದಲ್ಲಿ ಎಷ್ಟಾಗಿದೆ ಲೆಕ್ಕ ಹಾಕಿ, ಸಂಬಳ ಮಾತ್ರ ಅಲ್ಲೇ ನಿಂತಿದೆ. ಅಂದ್ರೆ ಮೊದಲ ವರ್ಷದ ಸಂಬಳದಲ್ಲಿ ಅರ್ಧಕ್ಕಿಂತ ಹೆಚ್ಚನ್ನ ನೀವು ಮೊದಲೇ ಕಟ್ಟಿ ಕೆಲಸಕ್ಕೆ ಸೇರ್ತಿದೀರ.

ಕೋರ್ಸ್‌ನೋರ ಹತ್ರ ಎಚ್ಚರ ಇರ್ಲಿ. ಎಲ್ರೂ ಮೋಸ ಅನ್ನಲ್ಲ, ಚೆನ್ನಾಗಿ ಕಲಿಸೋ ಮೇಷ್ಟ್ರುಗಳೂ ಇದಾರೆ. ಆದ್ರೆ ನೂರು ಪರ್ಸೆಂಟ್ ಪ್ಲೇಸ್‌ಮೆಂಟ್ ಗ್ಯಾರಂಟಿ ಅಂದೋರ ಬಾಗ್ಲಿಂದ ಹಾಗೇ ಎದ್ದು ಬನ್ನಿ. ಇನ್ನೊಂದು, ಫೀಸು ಕಂತಲ್ಲಿ ಕಟ್ಟಿ ಅಂತ ಒಂದು ಫಾರ್ಮಿಗೆ ಸೈನ್ ಹಾಕಿಸ್ಕೊತಾರೆ, ಅದು ಎಷ್ಟೋ ಸಲ ಕಂತು ಆಗಿರಲ್ಲ, ಫೈನಾನ್ಸ್ ಕಂಪನಿಯಿಂದ ಹುಡುಗನ ಹೆಸರಲ್ಲಿ ತೆಗೆದ ಸಾಲ ಆಗಿರುತ್ತೆ, ಪಾಠ ಸರಿ ಇಲ್ಲ ಅಂತ ಎರಡೇ ವಾರಕ್ಕೆ ಬಿಟ್ರೂ ಇಎಂಐ ಕಟ್ತಾನೇ ಇರ್ಬೇಕು, ಕಟ್ಲಿಲ್ಲ ಅಂದ್ರೆ ಕೆಲಸ ಸಿಗೋ ಮುಂಚೇನೇ ಸಿಬಿಲ್, ಅಂದ್ರೆ ಬ್ಯಾಂಕ್‌ನೋರು ಸಾಲ ಕೊಡೋವಾಗ ನೋಡೋ ಸ್ಕೋರು, ಹಾಳು. ಮತ್ತೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರ ಕೈಗೂ ಕೊಟ್ಟು ಬರ್ಬೇಡಿ, ತೋರಿಸಿ, ಜೆರಾಕ್ಸ್ ಕೊಡಿ, ವಾಪಸ್ ಇಸ್ಕೊಳ್ಳಿ.

ಇದಕ್ಕಿಂತ ದೊಡ್ಡ ಗುಂಡಿ ಒಂದಿದೆ, ಅದ್ರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡ್ತೀನಿ ಯಾಕಂದ್ರೆ ನಮ್ಮನೇಲೇ ಆಗಿದ್ದು. ನಮ್ಮ ಚಿಕ್ಕಪ್ಪನ ಮಗ, 2022ರಲ್ಲಿ ಪಾಸಾದ, ಒಂದೂವರೆ ವರ್ಷ ತಿರುಗಿದ. ಯಾರೋ ಫ್ರೆಂಡ್ ಮೂಲಕ ಬೆಂಗಳೂರಲ್ಲಿ ಒಂದು ಕನ್ಸಲ್ಟೆನ್ಸಿ ಪರಿಚಯ ಆಯ್ತು. ಎರಡು ವರ್ಷದ ಎಕ್ಸ್‌ಪೀರಿಯನ್ಸ್ ಹಾಕಿಸಿ ಕೊಡ್ತೀವಿ, ಆಫರ್ ಲೆಟರ್, ಪೇ ಸ್ಲಿಪ್, ರಿಲೀವಿಂಗ್ ಲೆಟರ್ ಎಲ್ಲಾ ಇರುತ್ತೆ, ಕಂಪನಿ ರಿಜಿಸ್ಟರ್ ಆಗಿದೆ, ಫೋನ್ ಮಾಡಿದ್ರೆ ಅಲ್ಲಿಂದ ಎತ್ತುತಾರೆ ಅಂದ್ರಂತೆ. 1 ಲಕ್ಷದ 80 ಸಾವಿರ. ಚಿಕ್ಕಪ್ಪ ಆ ಸಲದ ಅಡಿಕೆ ದುಡ್ಡು ಪೂರ್ತಿ ಕೊಟ್ರು, ನನಗೆ ಒಂದು ಮಾತು ಹೇಳ್ಲಿಲ್ಲ, ಹೇಳಿದ್ರೆ ಬೇಡ ಅಂತೀನಿ ಅಂತ. ಕೆಲಸ ಸಿಕ್ತು ಕೂಡ. ಆರು ಲಕ್ಷದ ಪ್ಯಾಕೇಜು, ಊರಲ್ಲಿ ಎಲ್ರಿಗೂ ಸ್ವೀಟ್ ಹಂಚಿದ್ರು. ಐದನೇ ತಿಂಗಳು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ರಿಪೋರ್ಟ್, ಅಂದ್ರೆ ಕೊಟ್ಟ ದಾಖಲೆಗಳು ನಿಜಾನಾ ಅಂತ ತನಿಖೆ ಮಾಡಿದ ರಿಪೋರ್ಟ್, ಬಂತು, ಅವತ್ತೇ ಸಂಜೆ ಲ್ಯಾಪ್‌ಟಾಪ್ ಇಸ್ಕೊಂಡು ಕಳಿಸಿದ್ರು.

ಹೆಂಗೆ ಸಿಕ್ಕಾಕೊಂಡ ಅಂದ್ರೆ ಪಿಎಫ್‌ನಿಂದ. ಯುಎಎನ್ ಅಂತ ಒಂದು ನಂಬರ್ ಇದೆ, ಕೆಲಸ ಮಾಡೋ ಪ್ರತಿಯೊಬ್ಬನ ಪಿಎಫ್ ಲೆಕ್ಕ ಆ ಒಂದೇ ನಂಬರಿಗೆ ಸೇರುತ್ತೆ, ಯಾವ ಕಂಪನೀಲಿ ಯಾವ ತಾರೀಖಿಗೆ ಸೇರಿದ, ಯಾವಾಗ ಬಿಟ್ಟ ಅಂತ ಅಲ್ಲಿ ಸಾಲಾಗಿ ಕಾಣುತ್ತೆ. ಎರಡು ವರ್ಷ ಕೆಲಸ ಮಾಡಿದೀನಿ ಅಂತ ರೆಸ್ಯೂಮೆಲಿ ಬರೆದು ಅಲ್ಲಿ ಖಾಲಿ ಇದ್ರೆ ಮುಗೀತು. ಕೆಲವು ಏಜೆಂಟ್‌ಗಳು ಪಿಎಫ್ ಕೂಡ ಕಟ್ಟಿ ತೋರಿಸ್ತೀವಿ ಅಂತಾರೆ, ಆಗ ಕಂಪನಿಯೋರು ಬ್ಯಾಂಕ್ ಸ್ಟೇಟ್‌ಮೆಂಟ್ ಕೇಳ್ತಾರೆ, ನಿಮ್ಮ ಹೆಸರಲ್ಲಿ ಕಟ್ಟಿದ ಟ್ಯಾಕ್ಸ್ ತೋರಿಸೋ 26ಎಎಸ್ ಅನ್ನೋ ಪತ್ರ ಕೇಳ್ತಾರೆ, ಎಲ್ಲೋ ಒಂದು ಕಡೆ ತಾಳೆ ಆಗಲ್ಲ. ಆ ಹುಡುಗ ಬುದ್ಧಿವಂತ, ಐದು ತಿಂಗಳು ಕೆಲಸಾನೂ ಚೆನ್ನಾಗೇ ಮಾಡಿದ್ದ, ಅವನ ಮ್ಯಾನೇಜರ್‌ಗೇ ಬೇಜಾರಾಯ್ತು. ಆದ್ರೆ ಸುಳ್ಳು ದಾಖಲೆ ಕೊಟ್ಟ ಅಂತ ಒಂದು ಸಲ ಬರೆದ್ಮೇಲೆ ಯಾರೂ ಏನೂ ಮಾಡೋಕಾಗಲ್ಲ. ಏಜೆಂಟ್ ಫೋನ್ ಸ್ವಿಚ್ಡ್ ಆಫ್. ಪೊಲೀಸ್‌ಗೆ ಹೋಗೋಣ ಅಂದ್ರೆ ಇವನೂ ತಪ್ಪಿತಸ್ಥನೇ. ಮೂರು ತಿಂಗಳು ಮನೆಯಿಂದ ಆಚೆ ಬರ್ಲಿಲ್ಲ ಅವನು. ಚಿಕ್ಕಮ್ಮ ನನಗೆ ಫೋನ್ ಮಾಡಿ ಅತ್ತಿದ್ದು ಇವತ್ತಿಗೂ ಕಿವಿಯಲ್ಲಿದೆ. ಅದಕ್ಕೇ ಅಮ್ಮಂದಿರಿಗೆ ಕೈ ಮುಗಿದು ಕೇಳ್ಕೊತೀನಿ, ಕೆಲಸಕ್ಕೆ ದುಡ್ಡು ಕೇಳಿದ್ರೆ ಅದು ಕೆಲಸಾನೇ ಅಲ್ಲ, ಎಷ್ಟೇ ಹತ್ತಿರದೋರು ಪರಿಚಯ ಮಾಡಿಸಿದ್ರೂ ಅಲ್ಲ.

ಅದೇ ಪಿಎಫ್ ಇನ್ನೊಂದು ರೀತೀಲಿ ನಿಮಗೆ ಉಪಯೋಗಕ್ಕೆ ಬರುತ್ತೆ. ತಿಂಗಳಿಗೆ 12 ಸಾವಿರ, 15 ಸಾವಿರ ಕೊಡೋ ಸಣ್ಣ ಕಂಪನಿ ಅಂತ ಮೂಗು ಮುರೀಬೇಡಿ. ಅಪ್ಪಟ ಕೆಲಸ ಆಗಿದ್ರೆ, ಸಂಬಳ ಬ್ಯಾಂಕಿಗೆ ಬರ್ತಿದ್ರೆ, ಪಿಎಫ್ ಕಟ್ತಿದ್ರೆ, ಅದು ನಿಮ್ಮ ಹೆಸರಲ್ಲಿ ಯಾರೂ ಅಳಿಸೋಕಾಗದ ಒಂದು ವರ್ಷ. 20 ಜನಕ್ಕಿಂತ ಕಮ್ಮಿ ಇರೋ ಕಡೆ ಪಿಎಫ್ ಕಡ್ಡಾಯ ಅಲ್ಲ, ಅಂಥ ಕಡೆ ಆಫರ್ ಲೆಟರ್, ಪೇ ಸ್ಲಿಪ್, ಬ್ಯಾಂಕ್ ಎಂಟ್ರಿ ಜೋಪಾನವಾಗಿ ಇಟ್ಕೊಳ್ಳಿ. ಡೆವಲಪರ್ ಕೆಲಸಾನೇ ಬೇಕು ಅಂತಾನೂ ಹಟ ಬೇಡ, ಟೆಸ್ಟಿಂಗ್ ಆಗ್ಲಿ, ಪ್ರೊಡಕ್ಷನ್ ಸಪೋರ್ಟ್, ಅಂದ್ರೆ ಓಡ್ತಿರೋ ಸಾಫ್ಟ್‌ವೇರ್ ಕೆಟ್ರೆ ನೋಡ್ಕೊಳ್ಳೋ ಕೆಲಸ, ಆಗ್ಲಿ, ಒಳಗೆ ಹೋಗಿ. ರಾತ್ರಿ ಶಿಫ್ಟ್ ಸಪೋರ್ಟ್‌ನಲ್ಲಿ ಒಂದು ವರ್ಷ ಲಾಗ್, ಅಂದ್ರೆ ಸಾಫ್ಟ್‌ವೇರ್ ತಾನೇ ಬರೆದಿಡೋ ದಾಖಲೆ, ಓದಿದೋನು ಎರರ್ ನೋಡಿದ್ರೆ ಹೆದರಲ್ಲ, ಅಂಥೋರನ್ನ ನಾನು ಟೀಮಿಗೆ ತಗೊಂಡಿದೀನಿ, ಚೆನ್ನಾಗಿ ಬೆಳೆದಿದಾರೆ.

ಈಗ ಎಐ. ಇದನ್ನ ಕೇಳೋಕೇ ಅರ್ಧ ಜನ ಬಂದಿರೋದು ಅಂತ ಗೊತ್ತು. ಕೋಡ್ ಬರೆದುಕೊಡೋ ಎಐ ಗಿಟ್‌ಹಬ್ ಕೋಪೈಲಟ್ 2022ರ ಜೂನ್‌ನಲ್ಲಿ ಎಲ್ರಿಗೂ ಸಿಗೋ ಹಾಗಾಯ್ತು, ಅದೇ ವರ್ಷ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು. ಅದು ಕೆಲಸ ತಿನ್ನುತ್ತಾ ಅಂದ್ರೆ ನಾನು ಕಣ್ಣಾರೆ ಕಂಡದ್ದನ್ನ ಹೇಳ್ತೀನಿ. ಹೊಸಬ್ರು ಬಂದಾಗ ನಾವು ಏನ್ ಕೊಡ್ತಿದ್ವಿ? ಒಂದು ಫಾರ್ಮ್ ಸ್ಕ್ರೀನ್ ಮಾಡಪ್ಪ, ಈ ಟೇಬಲ್‌ಗೆ ಸೇರಿಸೋದು, ತಿದ್ದೋದು, ಅಳಿಸೋದು ಬರಿ, ಈ ಫಂಕ್ಷನ್‌ಗೆ ಟೆಸ್ಟ್ ಕೇಸ್ ಬರಿ, ಈ ಸಣ್ಣ ಬಗ್ ನೋಡು. ಈ ಕೆಲಸಗಳನ್ನೇ ಈಗ ಸೀನಿಯರ್ ಒಬ್ಬ ಎಐ ಹತ್ರ ಅರ್ಧ ಗಂಟೇಲಿ ಮಾಡಿಸ್ಕೊತಾನೆ. ಮೊದ್ಲು ನಮ್ಮ ಟೀಮಿಗೆ ವರ್ಷಕ್ಕೆ ನಾಲ್ಕು ಫ್ರೆಶರ್ ಬರ್ತಿದ್ರು, ಹೋದ ವರ್ಷ ಒಬ್ಬನೇ ಬಂದ. ಈ ಸಣ್ಣ ಕೆಲಸಗಳು ಕಂಪನಿಗೆ ಸಣ್ಣವೇ, ಆದ್ರೆ ಹೊಸಬ ಕಲಿಯೋದು ಅವುಗಳ ಮೇಲೇ, ಸೈಕಲ್ ಕಲಿಯೋವಾಗ ಖಾಲಿ ಮೈದಾನ ಇದ್ದ ಹಾಗೆ. ಆ ಮೈದಾನ ಮುಚ್ಚಿ ನೇರ ಬಿ.ಎಚ್. ರೋಡಲ್ಲಿ ಲಾರಿ ಮಧ್ಯೆ ಓಡ್ಸು ಅಂದ ಹಾಗಾಗಿದೆ. ಇನ್ನ ಹತ್ತು ವರ್ಷಕ್ಕೆ ಸೀನಿಯರ್‌ಗಳು ಎಲ್ಲಿಂದ ಬರ್ತಾರೆ ಅಂತ ನಮ್ಮ ಮೀಟಿಂಗಲ್ಲಿ ನಾನು ಕೇಳ್ದೆ, ಯಾರ ಹತ್ರಾನೂ ಉತ್ತರ ಇರ್ಲಿಲ್ಲ.

ಹಂಗಂತ ಎಐ ಮುಟ್ಬೇಡಿ ಅನ್ನಲ್ಲ, ನಾನೂ ದಿನಾ ಬಳಸ್ತೀನಿ. ಇಂಟರ್‌ವ್ಯೂನಲ್ಲಿ ಮಾತ್ರ ಅದನ್ನ ಇಟ್ಕೊಂಡು ಕೂರಬೇಡಿ. ಪ್ರಶ್ನೆ ಕೇಳಿದ ತಕ್ಷಣ ಮೂರು ಸೆಕೆಂಡ್ ಸುಮ್ನಿರ್ತಾರೆ, ಕಣ್ಣು ಎಡದಿಂದ ಬಲಕ್ಕೆ ಸಾಲಾಗಿ ಓಡುತ್ತೆ, ಆಮೇಲೆ ಪುಸ್ತಕದಲ್ಲಿರೋ ಹಾಗೆ ಉತ್ತರ ಬರುತ್ತೆ, ನಮಗೆ ಮೊದಲ ಐದು ನಿಮಿಷಕ್ಕೇ ಗೊತ್ತಾಗುತ್ತೆ. "ಇದು ನನಗೆ ಗೊತ್ತಿಲ್ಲ ಸಾರ್, ಆದ್ರೆ ಹೀಗಿರ್ಬಹುದು ಅನ್ಸುತ್ತೆ" ಅಂದೋರಿಗೆ ನಾನು ಮಾರ್ಕ್ಸ್ ಕೊಟ್ಟಿದೀನಿ. ಮನೇಲಿ ಎಐ ಹತ್ರ ಕೋಡ್ ಬರೆಸ್ಕೊಂಡ್ರೆ ಒಂದೊಂದು ಸಾಲು ಯಾಕಿದೆ ಅಂತ ಇನ್ನೊಬ್ರಿಗೆ ಹೇಳೋಕೆ ಬರೋವರೆಗೂ ಅದು ನಿಮ್ಮ ಕೋಡ್ ಅಲ್ಲ.

ಪ್ರಾಜೆಕ್ಟ್ ವಿಷ್ಯ. ರೆಸ್ಯೂಮೆಗಳು ನನ್ನ ಮುಂದೆ ಬರ್ತಾವೆ, ಲೈಬ್ರರಿ ಮ್ಯಾನೇಜ್‌ಮೆಂಟ್ ಸಿಸ್ಟಮ್, ಹಾಸ್ಪಿಟಲ್ ಮ್ಯಾನೇಜ್‌ಮೆಂಟ್ ಸಿಸ್ಟಮ್, ಫೇಸ್ ಮಾಸ್ಕ್ ಡಿಟೆಕ್ಷನ್. ಅರ್ಧಕ್ಕರ್ಧ ಪ್ರಾಜೆಕ್ಟ್ ಸೆಂಟರ್‌ನಲ್ಲಿ ಎಂಟು ಸಾವಿರ ಹತ್ತು ಸಾವಿರ ಕೊಟ್ಟು ತಂದಿದ್ದು, ನಾಲ್ಕು ಜನ ಹಂಚ್ಕೊಂಡಿದ್ದು. ಇದ್ರ ಮಧ್ಯೆ ಎರಡು ವರ್ಷದ ಹಿಂದೆ ಒಂದು ಹುಡುಗಿ ಬಂದ್ಲು, ನಮ್ಮ ಜಿಲ್ಲೆಯೋಳೇ, ಅವಳ ಹೆಸರು ಹೇಳಲ್ಲ, ಕಥೆ ಹೇಳ್ಬಹುದು ಅಂತ ಒಪ್ಪಿಗೆ ತಗೊಂಡಿದೀನಿ. ಅವರಮ್ಮ ಊರಿನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯೋರು. ವಾರದ ಉಳಿತಾಯ, ಸಾಲ, ಬಡ್ಡಿ ಎಲ್ಲಾ ಒಂದು ದಪ್ಪ ನೋಟ್‌ಬುಕ್‌ನಲ್ಲಿ, ವಾರದ ಸಭೆ ಆದ್ಮೇಲೆ ರಾತ್ರಿ ಹನ್ನೊಂದರವರೆಗೂ ಕೂಡಿ ಕಳೆಯೋದು. ಈ ಹುಡುಗಿ ಪೈಥಾನ್‌ನಲ್ಲಿ ಒಂದು ಸಣ್ಣ ಪ್ರೋಗ್ರಾಮ್ ಬರೆದು ಅಮ್ಮನ ಫೋನಲ್ಲಿ ತೆರೆಯೋ ಹಾಗೆ ಮಾಡಿದ್ಲು. ಎರಡು ವಾರ ಚೆನ್ನಾಗಿ ನಡೀತು. ಮೂರನೇ ವಾರ ಸಭೇಲಿ ಗಲಾಟೆ. ಸಂಘದಲ್ಲಿ ಮೂರು ಜನ ಲಕ್ಷ್ಮಮ್ಮ ಇದ್ರು, ಇವಳು ಹೆಸರನ್ನೇ ಕೀ, ಅಂದ್ರೆ ಒಬ್ರನ್ನ ಇನ್ನೊಬ್ರಿಂದ ಬೇರೆ ಮಾಡೋ ಗುರುತು, ಮಾಡಿ ಇಟ್ಟಿದ್ಲು, ಒಬ್ರು ಕಟ್ಟಿದ ದುಡ್ಡು ಇನ್ನೊಬ್ರ ಲೆಕ್ಕಕ್ಕೆ ಹೋಗಿತ್ತು.

ಅದನ್ನ ಅವಳು ಹೆಂಗ್ ಸರಿ ಮಾಡಿದ್ಲು ಅಂತ ಕೇಳಿ. ಮೊದ್ಲು ಮೂರು ವಾರದ ಎಂಟ್ರಿಗಳನ್ನ ಅಮ್ಮನ ಹಳೇ ನೋಟ್‌ಬುಕ್ ಜೊತೆ ಒಂದೊಂದಾಗಿ ತಾಳೆ ನೋಡಿ ಬಿಡಿಸಿದ್ಲು. ಆಮೇಲೆ ಪ್ರತಿಯೊಬ್ಬರಿಗೂ ಒಂದು ನಂಬರ್ ಕೊಟ್ಲು. ಆದ್ರೆ ಆ ಹೆಂಗಸ್ರಿಗೆ ನಂಬರ್ ನೆನಪಿರಲ್ಲ, ಅದಕ್ಕೆ ಸ್ಕ್ರೀನ್ ಮೇಲೆ ಫೋಟೋ, ಗಂಡನ ಹೆಸರು, ಮನೆ ಯಾವ ಕಡೆ ಅನ್ನೋದು ಕಾಣೋ ಹಾಗೆ ಮಾಡಿದ್ಲು, ಮೇಲಿನ್ಮನೆ ಲಕ್ಷ್ಮಮ್ಮ, ಬಾವಿ ಹತ್ರದ ಲಕ್ಷ್ಮಮ್ಮ ಅಂತ. ಹಾಕಿದ ಎಂಟ್ರಿ ಯಾರೂ ಅಳಿಸೋ ಹಾಗಿಲ್ಲ, ತಪ್ಪಾದ್ರೆ ಅದನ್ನ ತಿದ್ದೋ ಇನ್ನೊಂದು ಎಂಟ್ರಿ ಹಾಕ್ಬೇಕು ಅಂತ ಮಾಡಿದ್ಲು, ಯಾಕೆ ಅಂತ ನಾನು ಕೇಳಿದ್ದಕ್ಕೆ, "ಅಳಿಸಿದ್ರೆ ಅಮ್ಮನ ಮೇಲೆ ಅನುಮಾನ ಬರುತ್ತೆ ಸಾರ್" ಅಂದ್ಲು. ಒಬ್ಬೊಬ್ಬರಿಗೂ ಬೇರೆ ಬೇರೆ ಗುರುತು, ಅಂದ್ರೆ ಪ್ರೈಮರಿ ಕೀ, ಯಾಕೆ ಬೇಕು, ಲೆಕ್ಕದ ದಾಖಲೆ ಯಾಕೆ ಅಳಿಸಬಾರ್ದು, ಬಳಸೋರು ಯಾರು ಅಂತ ನೋಡಿ ಸ್ಕ್ರೀನ್ ಹೆಂಗ್ ಮಾಡ್ಬೇಕು, ಇದನ್ನೆಲ್ಲ ನಮ್ಮಲ್ಲಿ ಜನ ಮೂರ್ನಾಲ್ಕು ವರ್ಷ ಆದ್ಮೇಲೆ ಕಲೀತಾರೆ. ಇಂಟರ್‌ವ್ಯೂ ಅರ್ಧ ಗಂಟೆ ಅಂತ ಇತ್ತು, ನಾವು ಒಂದು ಗಂಟೆ ಹತ್ತು ನಿಮಿಷ ಮಾತಾಡಿದ್ವಿ. ಅವಳ ಇಂಗ್ಲಿಷ್ ತಡವರಿಸ್ತಿತ್ತು, ಮಧ್ಯೆ ಮಧ್ಯೆ ಕನ್ನಡ ಬರ್ತಿತ್ತು, ಜೊತೆಗಿದ್ದ ತಮಿಳುನಾಡಿನ ಸಹೋದ್ಯೋಗಿಗೆ ನಾನು ಅರ್ಥ ಹೇಳ್ತಿದ್ದೆ, ಅವ್ರೇ ಮೊದ್ಲು ಓಕೆ ಅಂದಿದ್ದು.

ಅವಳಿಗೆ ನಮ್ಮಲ್ಲೇ ಕೆಲಸ ಸಿಕ್ತು ಅಂತ ಹೇಳೋಕೆ ನನಗೂ ಆಸೆ. ಸಿಗ್ಲಿಲ್ಲ. ಆ ವಾರಾನೇ ಆ ಪೋಸ್ಟ್ ನಿಲ್ಲಿಸಿದ್ರು. ನಾನೂ ಆ ಸಹೋದ್ಯೋಗೀನೂ ಪರಿಚಯ ಇದ್ದ ಒಂಬತ್ತು ಜನಕ್ಕೆ ರೆಫರ್ ಮಾಡಿದ್ವಿ, ನಾಲ್ಕು ತಿಂಗಳಾದ್ಮೇಲೆ ಒಂದು ಸಣ್ಣ ಕಂಪನೀಲಿ ಆರು ತಿಂಗಳ ಇಂಟರ್ನ್‌ಶಿಪ್ ಸಿಕ್ತು, ತಿಂಗಳಿಗೆ 18 ಸಾವಿರ, ಆಮೇಲೆ ಪರ್ಮನೆಂಟ್ ಆಯ್ತು. ಇವತ್ತಿಗೂ ಕೆಲಸದಲ್ಲಿದಾಳೆ.

ಹಂಗಾಗಿ ನಿಮ್ಮ ಸುತ್ತ ನೋಡಿ. ತುಮಕೂರು ಸುತ್ತ ಎಷ್ಟು ಸೊಸೈಟಿ ಇದಾವೆ, ಅಕ್ಕಿ ಗಿರಣಿ ಇದಾವೆ, ತಿಪಟೂರಲ್ಲಿ ಕೊಬ್ಬರಿ ವ್ಯಾಪಾರ ಇದೆ, ವಸಂತನರಸಾಪುರದಲ್ಲಿ ಫ್ಯಾಕ್ಟರಿಗಳಿದಾವೆ, ಸಣ್ಣ ಸಣ್ಣ ನರ್ಸಿಂಗ್ ಹೋಮ್ ಇದಾವೆ. ಎಲ್ಲಾ ಕಡೆ ಯಾರೋ ಒಬ್ರು ರಾತ್ರಿ ಕೂತು ನೋಟ್‌ಬುಕ್‌ನಿಂದ ಎಕ್ಸೆಲ್‌ಗೆ, ಎಕ್ಸೆಲ್‌ನಿಂದ ಟ್ಯಾಲಿಗೆ ಕಾಪಿ ಮಾಡ್ತಿರ್ತಾರೆ. ಅಂಥೋರು ಒಬ್ರನ್ನ ಹಿಡ್ಕೊಳ್ಳಿ, ಅವ್ರಿಗೆ ಒಂದು ಸಣ್ಣ ಸಾಧನ ಮಾಡಿಕೊಡಿ, ಅವ್ರು ಮೂರು ತಿಂಗಳು ಅದನ್ನ ಬಳಸ್ಲಿ, ಬೈಲಿ, ನೀವು ಸರಿ ಮಾಡಿ. ಗಿಟ್ ಅಂತ ಕೋಡ್‌ನ ಬದಲಾವಣೆಗಳ ದಾಖಲೆ ಇಡೋ ಸಾಧನ ಇದೆ, ಅದ್ರಲ್ಲಿ ದಿನಾ ದಿನಾದ ಬದಲಾವಣೆ ಇಡಿ. ಡೇಟಾಬೇಸ್, ಲಿನಕ್ಸ್‌ನ ನಾಲ್ಕು ಕಮಾಂಡು, ಎರರ್ ಬಂದ್ರೆ ಪೂರ್ತಿ ಓದೋದು, ಇದೆಲ್ಲ ಅಲ್ಲೇ ಬರುತ್ತೆ. ಇದಕ್ಕೆ 50 ಸಾವಿರ ಕೊಡ್ಬೇಕಾಗಿಲ್ಲ. ಅಪ್ಪ ಅಮ್ಮಂದಿರು ಒಂದು ಸಹಾಯ ಮಾಡಿ, ನಿಮಗೆ ಪರಿಚಯ ಇರೋ ಅಂಗಡಿಯೋರಿಗೆ, ಸೊಸೈಟಿ ಸೆಕ್ರೆಟರಿಗೆ ಒಂದು ಮಾತು ಹೇಳಿ ಹುಡುಗನ್ನ ಕರ್ಕೊಂಡು ಹೋಗಿ ಕೂರಿಸಿ, ಏಜೆಂಟ್ ಹತ್ರ ಕರ್ಕೊಂಡು ಹೋಗೋ ಬದ್ಲು.

ಇಂಗ್ಲಿಷ್ ಬಗ್ಗೆ ಒಂದೇ ಮಾತು. ವ್ಯಾಕರಣ ಯಾರೂ ನೋಡಲ್ಲ, ನೀವು ಮಾಡಿದ್ದನ್ನ ಹತ್ತು ನಿಮಿಷ ಹೇಳೋಕೆ ಬರುತ್ತಾ ಅಷ್ಟೇ. ದಿನಾ ರಾತ್ರಿ ಫೋನಲ್ಲಿ ರೆಕಾರ್ಡ್ ಹಾಕಿ ಅವತ್ತು ಬರೆದ ಕೋಡ್ ಬಗ್ಗೆ ಇಂಗ್ಲಿಷಲ್ಲಿ ಮಾತಾಡಿ, ಮಾರನೇ ದಿನ ಕೇಳಿಸ್ಕೊಳ್ಳಿ. ಎರಡು ತಿಂಗಳಿಗೆ ನಾಲಿಗೆ ಹೊರಳುತ್ತೆ.

ಇಲ್ಲಿ ನನ್ನ ಹಾಗೆ ಬೆಂಗಳೂರಲ್ಲಿ ಕೆಲಸ ಮಾಡ್ಕೊಂಡು ವಾರದ ಕೊನೆಗೆ ಊರಿಗೆ ಬಂದಿರೋರು ಏಳೆಂಟು ಜನ ಇದೀರ. ನಮಗೆ ಕಲಿಸೋಕೆ ಕಂಪನಿ ಖರ್ಚು ಮಾಡಿತ್ತು, ಆ ಋಣ ಕಂಪನಿಗೆ ದುಡಿದು ತೀರಿದೆ ಅಂತ ನನಗನ್ಸಲ್ಲ. ವಾರಕ್ಕೆ ಒಂದು ಗಂಟೆ, ಒಬ್ಬ ಹುಡುಗನದ್ದೋ ಹುಡುಗೀದೋ ಕೋಡ್ ಓದಿ, ಇಲ್ಲಿ ಯಾಕೆ ಹೀಗ್ ಬರ್ದೆ ಅಂತ ಕೇಳಿ. ರೆಫರಲ್ ಕೊಡೋದು ಸುಲಭ, ಲಿಂಕ್ ಒತ್ತಿದ್ರೆ ಆಯ್ತು. ಕೋಡ್ ಓದೋದೇ ಯಾರೂ ಮಾಡ್ತಿಲ್ಲ.

ಮಾತು ಮುಗಿದ್ಮೇಲೆ ಪ್ರಶ್ನೆಗಳು ಬಂದ್ವು. 2023ರಲ್ಲಿ ಪಾಸಾದ ಒಬ್ಬ ಹುಡುಗ ಎದ್ದು, "ಅಣ್ಣ, ಎರಡು ವರ್ಷ ತೋಟದ ಕೆಲಸ ಮಾಡಿದೀನಿ, ಆ ಗ್ಯಾಪ್‌ಗೆ ಏನಂತ ಬರೀಲಿ" ಅಂತ ಕೇಳ್ದ. ತೋಟದ ಕೆಲಸ ಮಾಡಿದೀನಿ ಅಂತಾನೇ ಬರಿ ಅಂದೆ. ಜೊತೆಗೆ ಈ ಎರಡು ವರ್ಷದಲ್ಲಿ ಕಂಪ್ಯೂಟರ್ ಮುಂದೆ ಏನೂ ಮಾಡಿಲ್ಲ ಅಂದ್ರೆ ಇವತ್ತಿಂದ ಶುರು ಮಾಡು, ಆರು ತಿಂಗಳ ಗಿಟ್ ಇತಿಹಾಸ ಇದ್ರೆ ಆ ಗ್ಯಾಪ್ ಬಗ್ಗೆ ಕೇಳೋರು ಕಮ್ಮಿ ಆಗ್ತಾರೆ, ಇಲ್ಲವೇ ಇಲ್ಲ ಅಂತ ಆಗಲ್ಲ ಅಂತಾನೂ ಹೇಳ್ದೆ.

ಒಬ್ಬ ತಾಯಿ, ಮಗಳನ್ನ ಪಿಜಿಗೆ ಬಿಡೋಕೆ ಮನೇಲಿ ಒಪ್ಪಲ್ಲ, ತುಮಕೂರಿಂದ ದಿನಾ ಓಡಾಡಬಹುದಾ ಅಂದ್ರು. ಬೆಂಗಳೂರು 70 ಕಿಲೋಮೀಟರ್, ಯಶವಂತಪುರದ ಸುತ್ತಮುತ್ತ ಆಫೀಸ್ ಇದ್ರೆ ರೈಲಲ್ಲಿ ಎಷ್ಟೋ ಜನ ಓಡಾಡ್ತಿದಾರೆ. ಎಲೆಕ್ಟ್ರಾನಿಕ್ ಸಿಟಿ ಆದ್ರೆ ಈಗ ಬಸ್ಸಲ್ಲಿ ಮಾದಾವರಕ್ಕೆ ಹೋಗಿ ಹಸಿರು ಮೆಟ್ರೋ ಹತ್ತಿ ಆರ್.ವಿ. ರೋಡಲ್ಲಿ ಹಳದಿ ಲೈನಿಗೆ ಬದಲಾಯಿಸ್ಕೊಬಹುದು, 2025ರ ಆಗಸ್ಟ್‌ನಿಂದ ಅದು ಓಡ್ತಿದೆ, ಆದ್ರೆ ಹೋಗಿ ಬರೋಕೇ ದಿನದ ಐದಾರು ಗಂಟೆ ಹೋಗುತ್ತೆ, ಮಗು ಸುಸ್ತಾಗುತ್ತೆ, ಆರು ತಿಂಗಳಿಗಿಂತ ಹೆಚ್ಚು ಮಾಡ್ಸಬೇಡಿ ಅಂದೆ. ಹೊಸದಾಗಿ ಸೇರಿದೋರಿಗೆ ಆಫೀಸಲ್ಲಿ ಕೂತು ಕಲಿಯೋದು ಮುಖ್ಯ, ಇಬ್ರು ಮೂರು ಜನ ಊರಿನ ಹುಡುಗೀರು ಸೇರಿ ರೂಮ್ ಮಾಡಿದ್ರೆ ಒಂದ್ಸಲ ನೀವೇ ಹೋಗಿ ನಾಲ್ಕು ದಿನ ಇದ್ದು ಬನ್ನಿ ಅಂದೆ. ಅವ್ರ ಮಗಳು ನನ್ನ ಕಡೆ ನೋಡಿ ತಲೆ ಆಡಿಸಿದ್ಲು.

ರಾಜ್ಯ ಸರ್ಕಾರದ ಯುವನಿಧಿ ಯೋಜನೆ ಬಗ್ಗೆ ಒಬ್ರು ಕೇಳಿದ್ರು. ಪಾಸಾಗಿ 180 ದಿನ ಕೆಲಸ ಸಿಗದೆ ಇರೋ ಪದವೀಧರರಿಗೆ ತಿಂಗಳಿಗೆ 3 ಸಾವಿರ, ಡಿಪ್ಲೊಮಾದೋರಿಗೆ 1,500, ಹೆಚ್ಚಂದ್ರೆ ಎರಡು ವರ್ಷ. ಅರ್ಹತೆ ಇದ್ರೆ ನಾಚ್ಕೆ ಪಡದೆ ಹಾಕಿ, ಇಂಟರ್‌ವ್ಯೂಗೆ ಹೋಗಿ ಬರೋ ಖರ್ಚಾದ್ರೂ ಮನೆ ಮೇಲೆ ಬೀಳಲ್ಲ.

ಕೊನೇಲಿ ಬಿಳೀ ಶರ್ಟಿನ ಒಬ್ರು ತಂದೆ, ಅಲ್ಲೀವರೆಗೂ ಒಂದು ಮಾತೂ ಆಡಿರ್ಲಿಲ್ಲ, "ಸಾರ್, ಇನ್ನ ಎಷ್ಟು ದಿನ ಕಾಯ್ಬೇಕು ಅದೊಂದು ಹೇಳ್ಬಿಡಿ" ಅಂದ್ರು. ಹಾಲ್ ಎಲ್ಲಾ ಸುಮ್ನಾಯ್ತು. ತಾರೀಖು ಹೇಳಿದ್ರೆ ಸುಳ್ಳಾಗುತ್ತೆ ಸಾರ್ ಅಂದೆ. ಆದ್ರೆ ಮನೇಲಿ ಕೂತು ಇಬ್ರೂ ಒಂದು ಲೆಕ್ಕ ಮಾಡ್ಕೊಳ್ಳಿ, ಇನ್ನೂ ಒಂದು ವರ್ಷ, ತಿಂಗಳಿಗೆ ಇಷ್ಟೇ ದುಡ್ಡು, ಸಾಲ ಮಾಡಲ್ಲ, ಜಮೀನು ಮುಟ್ಟಲ್ಲ, ಮಧ್ಯೆ ಸಪೋರ್ಟ್ ಕೆಲಸ ಸಿಕ್ಕಿದ್ರೂ ಸೇರ್ಕೊಳ್ಳೋದು, ಆ ವರ್ಷ ಪೂರ್ತಿ ಅವನನ್ನ ಏನಾಯ್ತು ಏನಾಯ್ತು ಅಂತ ಕೇಳಲ್ಲ ಅಂತ ನೀವು ಒಪ್ಕೊಳ್ಳೋದು. ಅವ್ರು ಸ್ವಲ್ಪ ಹೊತ್ತು ಮಗನ ಕಡೆ ನೋಡಿ, "ಕೇಳಲ್ಲ ಬಿಡಿ" ಅಂದ್ರು.

ಕೋಡ್ ಓದೋಕೆ ಅವತ್ತು ಐದು ಜನ ಒಪ್ಕೊಂಡಿದಾರೆ. ತಿಂಗಳ ಮೊದಲ ಮತ್ತೆ ಮೂರನೇ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇದೇ ಹಾಲ್‌ನಲ್ಲಿ ಸೇರ್ತೀವಿ, ಯಾವ ಬ್ಯಾಚ್ ಆದ್ರೂ ಬರಬಹುದು, ಫೀಸು ಇಲ್ಲ. ಲ್ಯಾಪ್‌ಟಾಪ್ ಇಲ್ದೇ ಇದ್ರೂ ಪರ್ವಾಗಿಲ್ಲ, ಬರೆದಿರೋ ಕೋಡ್‌ನ ಪ್ರಿಂಟ್ ತಗೊಂಡು ಬನ್ನಿ, ಪೆನ್ ನಾವು ತರ್ತೀವಿ.